ಸಿ.ಐ.ಡಿ. 999 ಮತ್ತು ಒಂದು ಲೀಟರ್ ಚಿನ್ನ

ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಬರುವ ಎರಡನೆಯ ಮಾತು ಯಾವಾಗಲೂ ಒಂದೇ. "ಮೇಷ್ಟ್ರೇ, ಹುಡುಗ ಓದ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಮೊಬೈಲು ಕೈಗೆ ಸಿಕ್ಕಿದ್ರೆ ಸಾಕು, ಬರೀ ಪತ್ತೇದಾರಿ, ಗೂಢಚಾರಿ, ದರೋಡೆ ಸಿನಿಮಾ. ಇದ್ರಿಂದ ಕೆಟ್ಟು ಹೋಗಲ್ವಾ?" ಜಗಳೂರಿನಲ್ಲೂ ಇದೇ ಪ್ರಶ್ನೆ, ಚನ್ನಗಿರಿಯಲ್ಲೂ ಇದೇ ಪ್ರಶ್ನೆ. ಹೊನ್ನಾಳಿ, ನ್ಯಾಮತಿ ಕಡೆಯ ತಂದೆತಾಯಿಗಳಂತೂ ಈಚೆಗೆ ಇದನ್ನು ಸ್ವಲ್ಪ ದನಿ ಎತ್ತಿಯೇ ಕೇಳುತ್ತಾರೆ. ಹಾಗೆ ಕೇಳುವುದಕ್ಕೆ ಕಾರಣವೂ ಇದೆ.

2024ರ ಅಕ್ಟೋಬರ್ 28ರಂದು ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳ್ಳತನವಾಗಿರುವುದು ಬೆಳಕಿಗೆ ಬಂತು. ಹೋದದ್ದು ನೋಟಿನ ಕಂತೆಯಲ್ಲ, ಸುಮಾರು 17.7 ಕಿಲೋ ಚಿನ್ನದ ಒಡವೆ. ಗೊಬ್ಬರಕ್ಕೆ, ಬೋರ್‌ವೆಲ್ಲಿಗೆ, ಮಗಳ ಕಾಲೇಜು ಫೀಸಿಗೆ ಎಂದು ಜನ ಅಡವಿಟ್ಟ ಸರ, ಬಳೆ, ಓಲೆಗಳು. ಐದು ತಿಂಗಳ ಹುಡುಕಾಟದ ನಂತರ, 2025ರ ಮಾರ್ಚ್ ಕೊನೆಗೆ ಪೊಲೀಸರು ಆರೋಪಿಗಳನ್ನು ಬಂಧಿಸಿದ ಸುದ್ದಿ ಬಂತು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮದುರೆ ಜಿಲ್ಲೆಯ ಒಂದು ಬಾವಿಯಲ್ಲಿ. ಸ್ಪೇನ್ ದೇಶದ 'ಮನಿ ಹೈಸ್ಟ್' ಎಂಬ ದರೋಡೆ ಧಾರಾವಾಹಿಯನ್ನೂ ಯೂಟ್ಯೂಬ್ ವಿಡಿಯೋಗಳನ್ನೂ ನೋಡಿ ಈ ಸಂಚು ಹೂಡಲಾಗಿತ್ತು ಎಂದು ಪೊಲೀಸರು ಹೇಳಿದರು. ಮಾರನೆಯ ದಿನವೇ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಂಡಿರಬೇಕು!

ಹಾಗಾದರೆ ಸಿನಿಮಾ ನೋಡಿ ಜನ ಕೆಡುತ್ತಾರೆಯೇ? ಒಂದೇ ಮಾತಿನಲ್ಲಿ ಹೌದು, ಅಲ್ಲ ಎನ್ನುವುದು ಕಷ್ಟ. ಅದಕ್ಕೇ ಈ ವಾರ ಚಿನ್ನದ ಹಿಂದೆ ಬಿದ್ದ ಇನ್ನೊಬ್ಬನ ಕತೆಯಿಂದ ಆರಂಭಿಸುತ್ತೇನೆ. ಇವನು ಕಳ್ಳನಲ್ಲ, ಕಳ್ಳರನ್ನು ಹಿಡಿಯುವವನು. ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಅಜ್ಜನನ್ನು ಕೇಳಿದರೆ ಅವರ ಮುಖ ಅರಳುತ್ತದೆ. ಅವನೇ ಸಿ.ಐ.ಡಿ. 999.

ನಮ್ಮ ಊರಿನ ಬಾಂಡ್

ಇಂಗ್ಲೆಂಡಿನ ಗೂಢಚಾರಿ ಜೇಮ್ಸ್ ಬಾಂಡ್ 007 ತೆರೆಯ ಮೇಲೆ ಬಂದದ್ದು 1962ರಲ್ಲಿ, 'ಡಾಕ್ಟರ್ ನೋ' ಚಿತ್ರದಲ್ಲಿ. ಆ ಚಿತ್ರಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚಾಯಿತೆಂದು ಲೆಕ್ಕ. ಹಾಲಿವುಡ್ಡಿನ ಮಟ್ಟಿಗೆ ಅದು ಕಡಿಮೆ ದುಡ್ಡು. ನಮ್ಮ ಕನ್ನಡ ಚಿತ್ರರಂಗಕ್ಕೆ ಅದು ಕನಸಿನಲ್ಲೂ ಕಾಣದ ದುಡ್ಡು. ಆದರೂ ಆರು ವರ್ಷಗಳ ನಂತರ, 1968ರಲ್ಲಿ, ದೊರೈ-ಭಗವಾನ್ ಎಂಬ ನಿರ್ದೇಶಕ ಜೋಡಿ ಕನ್ನಡಕ್ಕೂ ಒಬ್ಬ ಬಾಂಡ್‌ನನ್ನು ತಂದಿತು. ಚಿತ್ರದ ಹೆಸರು 'ಜೇಡರ ಬಲೆ'. ಅಲ್ಲಿಯತನಕ ಕಣ್ಣಪ್ಪನಾಗಿ, ರಾಜನಾಗಿ, ದೇವರಾಗಿ ಕಂಡಿದ್ದ ರಾಜ್‌ಕುಮಾರ್ ಇಲ್ಲಿ ಸೂಟು ತೊಟ್ಟು ಸಿ.ಐ.ಡಿ. 999 ಆದರು. ಜೊತೆಗೆ ಜಯಂತಿ ಇದ್ದರು, ನಗಿಸಲು ನರಸಿಂಹರಾಜು ಇದ್ದರು.

ಬಾಂಡ್ ಚಿತ್ರಗಳಿಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಸಿ.ಐ.ಡಿ. 999 ಚಿತ್ರಕ್ಕೆ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರೂ ಹೋದರು. ಹೊಡೆದಾಟ ಹುಡುಗರಿಗೆ, ಹಾಡು ಹೆಂಗಸರಿಗೆ, ನರಸಿಂಹರಾಜು ಎಲ್ಲರಿಗೆ! ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಬಂತು. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಆ ಚಿತ್ರದಿಂದ. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂತು. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ಮೊದಲ ಬಾರಿಗೆ ನಾಯಕಿಯಾದದ್ದು ಈ ಕನ್ನಡ ಚಿತ್ರದಲ್ಲಿ. ಮೊದಲ ಮೂರೂ ಕಪ್ಪು-ಬಿಳುಪು ಚಿತ್ರಗಳು. 1978ರಲ್ಲಿ ಬಂದ 'ಆಪರೇಷನ್ ಡೈಮಂಡ್ ರಾಕೆಟ್' ಬಣ್ಣದ್ದು. ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಹಾಡು ಇದರದೇ. ಗೂಢಚಾರಿ ಚಿತ್ರ ಮಾಡಿದ ಈ ನಿರ್ದೇಶಕರೇ 'ಕಸ್ತೂರಿ ನಿವಾಸ', 'ಎರಡು ಕನಸು' ಚಿತ್ರಗಳನ್ನೂ ಕೊಟ್ಟವರು. ಭಗವಾನ್ ಅವರು ತೀರಿಕೊಂಡದ್ದು 2023ರಲ್ಲಿ.

'ಜೇಡರ ಬಲೆ' ಬಂದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಆ ದಿನಗಳಲ್ಲಿ ಇಂಥ ಊರುಗಳಿಗೆ ಸಿನಿಮಾ ಬರುತ್ತಿದ್ದುದು ಟೂರಿಂಗ್ ಟಾಕೀಸಿನ ಡೇರೆಯೊಳಗೆ. ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹತ್ತಿ ಒಂದು ಇಂಟರ್ವಲ್. ಖಳನಾಯಕ ಪಿಸ್ತೂಲು ಎತ್ತಿದ ಕೂಡಲೇ ರೀಲು ಮುಗಿದರೆ, ಮುಂದಿನ ರೀಲು ಏರುವ ತನಕ ನೆಲದ ಮೇಲೆ ಕೂತ ಜನ "ಈಗ ಹೆಂಗೆ ತಪ್ಪಿಸ್ಕೋತಾನೆ?" ಎಂದು ಚರ್ಚೆ ಮಾಡುತ್ತಿದ್ದರು. ಈ ಚರ್ಚೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದುಡ್ಡು ಕಡಿಮೆ, ಬುದ್ಧಿ ಜಾಸ್ತಿ

ಕಡಿಮೆ ದುಡ್ಡಿನಲ್ಲಿ ಗೂಢಚಾರಿ ಚಿತ್ರ ತೆಗೆಯುವುದೆಂದರೆ ಅದೊಂದು ವಿಜ್ಞಾನದ ಪರೀಕ್ಷೆಯೇ. ಗೂಢಚಾರಿ ಅಂದ ಮೇಲೆ ಅವನು ರಾತ್ರಿಯಲ್ಲಿ ಓಡಾಡಬೇಕು. ರಾತ್ರಿ ಚಿತ್ರೀಕರಣಕ್ಕೆ ದೊಡ್ಡ ದೀಪಗಳು, ಜನರೇಟರು, ಆಳುಗಳು ಎಲ್ಲ ಬೇಕು. ಅಷ್ಟು ದುಡ್ಡಿಲ್ಲದವರು ಹಗಲಿನಲ್ಲೇ ರಾತ್ರಿಯನ್ನು ತೆಗೆಯುತ್ತಿದ್ದರು! ಕಪ್ಪು-ಬಿಳುಪು ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನವರೂ ಈ ಉಪಾಯ ಮಾಡಿದ್ದಾರೆ.

ಉಪಾಯ ಹೀಗಿದೆ. ಕ್ಯಾಮೆರಾದ ಮುಂದೆ ಒಂದು ಕೆಂಪು ಗಾಜು ಇಡುತ್ತಾರೆ. ಕೆಂಪು ಗಾಜು ಕೆಂಪು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ, ನೀಲಿಯನ್ನು ಹೀರಿಕೊಳ್ಳುತ್ತದೆ. ಆಕಾಶದಿಂದ ಬರುವ ಬೆಳಕಿನಲ್ಲಿ ನೀಲಿಯೇ ಹೆಚ್ಚು. ಅದು ಗಾಜಿನಲ್ಲೇ ನಿಂತುಹೋದರೆ ಫಿಲ್ಮಿನಲ್ಲಿ ಆಕಾಶ ಕಪ್ಪಾಗಿ ಮೂಡುತ್ತದೆ. ಜೊತೆಗೆ ಒಟ್ಟು ಬೆಳಕನ್ನೂ ಸ್ವಲ್ಪ ಕಡಿಮೆ ಮಾಡಿದರೆ ಮಧ್ಯಾಹ್ನ ಹನ್ನೆರಡು ಗಂಟೆ ನಡುರಾತ್ರಿಯಾಗುತ್ತದೆ. ಮದುವೆ ಮನೆಯ ಅಲಂಕಾರಕ್ಕೆ ಬಳಸುವ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಪದರ ಮಾಡಿ ತಿಳಿ ಆಕಾಶದ ಕಡೆ ನೋಡಿ. ಸೂರ್ಯನ ಕಡೆ ಮಾತ್ರ ನೋಡಬೇಡಿ. ಬಿಳಿ ಮೋಡ ಎದ್ದು ಕಾಣುತ್ತದೆ, ಅದರ ಹಿಂದಿನ ಆಕಾಶ ಕಂದುತ್ತದೆ.

ಕಾರಿನ ಬೆನ್ನಟ್ಟುವಿಕೆಗೂ ಇಂಥದೇ ಉಪಾಯ. ಕಾರು ಸ್ಟುಡಿಯೋದಲ್ಲೇ ನಿಂತಿರುತ್ತದೆ. ಅದರ ಹಿಂದೆ ಒಂದು ಪರದೆ, ಪರದೆಯ ಮೇಲೆ ಮೊದಲೇ ತೆಗೆದಿಟ್ಟ ರಸ್ತೆಯ ಚಿತ್ರ ಓಡುತ್ತದೆ. ನಾಯಕ ಸುಮ್ಮನೆ ಸ್ಟಿಯರಿಂಗ್ ತಿರುಗಿಸುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಬಸ್ಸು ಹೊರಟಾಗ ನಮ್ಮ ಬಸ್ಸೇ ಹಿಂದಕ್ಕೆ ಹೋದಂತಾಗುತ್ತದಲ್ಲ, ಅದೇ ತತ್ವ. ಚಲನೆ ಎಂಬುದು ಯಾವುದಕ್ಕೆ ಹೋಲಿಸಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಒಂಬತ್ತನೇ ತರಗತಿಯ ಪಾಠವನ್ನು ಸಿನಿಮಾದವರು ದುಡ್ಡು ಉಳಿಸಲು ಬಳಸಿಕೊಂಡರು, ಅಷ್ಟೇ.

ದುಡ್ಡು ಸುರಿದ ಮಾತ್ರಕ್ಕೆ ವಿಜ್ಞಾನ ಸರಿಯಾಗುತ್ತದೆ ಎಂದೇನೂ ಇಲ್ಲ. 1964ರ ಬಾಂಡ್ ಚಿತ್ರ 'ಗೋಲ್ಡ್‌ಫಿಂಗರ್' ಭಾರಿ ಖರ್ಚಿನದು. ಅದರಲ್ಲಿ ಒಬ್ಬ ಹುಡುಗಿಯ ಮೈಗೆಲ್ಲ ಚಿನ್ನದ ಬಣ್ಣ ಬಳಿದು ಕೊಲ್ಲುತ್ತಾರೆ. ಚರ್ಮಕ್ಕೆ ಗಾಳಿಯಾಡದೆ ಉಸಿರುಕಟ್ಟಿ ಸತ್ತಳು ಎನ್ನುತ್ತಾನೆ ಬಾಂಡ್. ಇದು ಶುದ್ಧ ತಪ್ಪು. ಮನುಷ್ಯ ಉಸಿರಾಡುವುದು ಶ್ವಾಸಕೋಶದಿಂದ. ಚರ್ಮದಿಂದ ಉಸಿರಾಡಲು ನಾವೇನು ಎರೆಹುಳುವೇ? ಮೈಗೆ ಬಣ್ಣ ಮೆತ್ತಿದರೆ ಬೆವರು ಆರದೆ ಮೈ ಕಾವೇರಬಹುದು, ಬಣ್ಣದಲ್ಲಿ ವಿಷವಿದ್ದರೆ ಅಪಾಯವಾಗಬಹುದು. ಉಸಿರು ಮಾತ್ರ ಕಟ್ಟುವುದಿಲ್ಲ.

ಆ ಸೂತ್ರ ನಿಜವಾದರೆ?

ಈಗ 'ಜೇಡರ ಬಲೆ'ಯ ಕತೆಗೆ ಬರೋಣ. ಒಬ್ಬ ವಿಜ್ಞಾನಿ ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿಯುತ್ತಾನೆ. ಆ ಸೂತ್ರಕ್ಕಾಗಿ ದುಷ್ಟರ ಗುಂಪು ಬೆನ್ನು ಹತ್ತುತ್ತದೆ. ಅವರ ಬೆನ್ನು ಹತ್ತುವವನೇ ನಮ್ಮ 999. ತರಗತಿಯಲ್ಲಿ ಈ ಕತೆ ಹೇಳಿದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಹಂಗೆ ನಿಜವಾಗ್ಲೂ ಮಾಡಬಹುದಾ?"

ಹಿಂದಿನ ಕಾಲದ ರಸವಾದಿಗಳು ಇದಕ್ಕಾಗಿ ಜೀವಮಾನವನ್ನೇ ಸವೆಸಿದರು. ಪಾದರಸ ಕುದಿಸಿದರು, ಗಂಧಕ ಬೆರೆಸಿದರು, ಸೀಸ ಕಾಯಿಸಿದರು. ಚಿನ್ನ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಪರಮಾಣುವಿನ ಒಳಗು ತಿಳಿದ ಮೇಲೆ ಸ್ಪಷ್ಟವಾಯಿತು. ಒಂದು ಧಾತುವಿನ ಗುರುತು ಅದರ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ. ಚಿನ್ನಕ್ಕೆ 79, ಪಾದರಸಕ್ಕೆ 80, ಸೀಸಕ್ಕೆ 82. ಸೀಸದಿಂದ ಮೂರೇ ಮೂರು ಪ್ರೋಟಾನ್ ತೆಗೆದರೆ ಚಿನ್ನ! ಆದರೆ ಒಲೆಯ ಬೆಂಕಿಯಾಗಲಿ ಆಮ್ಲವಾಗಲಿ ಪರಮಾಣುವಿನ ಹೊರ ಅಂಗಳದ ಎಲೆಕ್ಟ್ರಾನ್‌ಗಳನ್ನು ಮಾತ್ರ ಮುಟ್ಟಬಲ್ಲವು. ಒಳಮನೆಯ ಬೀಗ ತೆಗೆಯಲು ಅವುಗಳಿಂದ ಆಗದು. ನ್ಯೂಕ್ಲಿಯಸ್ ಅಲುಗಾಡಬೇಕಾದರೆ ರಾಸಾಯನಿಕ ಕ್ರಿಯೆಯಲ್ಲಿ ದೊರೆಯುವುದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು ಶಕ್ತಿ ಬೇಕು.

ಅಷ್ಟು ಶಕ್ತಿ ಕೊಡುವ ಯಂತ್ರ ಬಂದ ಮೇಲೆ ವಿಜ್ಞಾನಿಗಳು ಇದನ್ನು ಮಾಡಿಯೂ ತೋರಿಸಿದರು. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಅವರ ಸಂಗಡಿಗರು ಬಿಸ್ಮತ್ ಎಂಬ ಲೋಹದಿಂದ ಚಿನ್ನದ ಕೆಲವು ಪರಮಾಣುಗಳನ್ನು ಪಡೆದರು. ಖರ್ಚು ಆ ಚಿನ್ನದ ಬೆಲೆಯ ಎಷ್ಟು ಪಟ್ಟೋ ಲೆಕ್ಕಕ್ಕೇ ಸಿಗದು. 2025ರ ಮೇ ತಿಂಗಳಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಎದುರುಬದುರು ಬಿಡುತ್ತಾರೆ. ಕೆಲವು ಢಿಕ್ಕಿ ಹೊಡೆಯದೆ ಪಕ್ಕದಲ್ಲೇ ಹಾದುಹೋಗುವಾಗ ಮೂರು ಪ್ರೋಟಾನ್ ಕಳಚಿ ಸೀಸ ಚಿನ್ನವಾಗುತ್ತದೆ. 2015ರಿಂದ 2018ರವರೆಗೆ ಹೀಗೆ ಹುಟ್ಟಿದ ಚಿನ್ನದ ನ್ಯೂಕ್ಲಿಯಸ್‌ಗಳು 8,600 ಕೋಟಿ. ಕೇಳಲು ಎಷ್ಟು ದೊಡ್ಡ ಸಂಖ್ಯೆ! ತೂಕ ಎಷ್ಟು ಗೊತ್ತೇ? 29 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ 29 ಪಾಲು ತೆಗೆದುಕೊಂಡರೆ ಅಷ್ಟು. ಅದೂ ಹುಟ್ಟಿದ ಕ್ಷಣದಲ್ಲೇ ಯಂತ್ರದ ಗೋಡೆಗೆ ಬಡಿದು ಚೂರಾಗುತ್ತದೆ. ಮೂಗುಬೊಟ್ಟಿಗೂ ಸಾಲದು.

ಹೊನ್ನಾಳಿಯ ಹೆಸರಿನಲ್ಲೇ ಹೊನ್ನು ಇದೆ. ಆ ಸೀಮೆಯ ಕುದುರೆಕೊಂಡದ ಸುತ್ತ ಭೂವಿಜ್ಞಾನಿಗಳು ಚಿನ್ನದ ನಿಕ್ಷೇಪವನ್ನೂ ಹಳೆಯ ಗಣಿಗಳ ಗುರುತನ್ನೂ ಕಂಡಿದ್ದಾರೆ. ಹಾಗೆಂದ ಮಾತ್ರಕ್ಕೆ ಹೊಲ ಅಗೆದರೆ ಗಟ್ಟಿ ಚಿನ್ನ ಸಿಗುತ್ತದೆ ಎಂದಲ್ಲ. ಗಣಿಯಲ್ಲೂ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಚಿನ್ನಕ್ಕೆ ಅಷ್ಟು ಬೆಲೆ ಬಂದಿರುವುದೇ ಹೀಗೆ. ಅದನ್ನು ಮಾಡಲು ಆಗುವುದಿಲ್ಲ, ಅಗೆಯಲು ಕಷ್ಟ.

ಡೇರೆಯ ಹೊರಗಿನ ಜೇಡರ ಬಲೆ

ಇದೆಲ್ಲ ಮಕ್ಕಳಿಗೆ ಏಕೆ ತಿಳಿದಿರಬೇಕು? ಸಿನಿಮಾದಲ್ಲಿ ಕಂಡ ಬಲೆ ಸಿನಿಮಾದಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ ಒಂದಿದೆ. ದೂರದ ಊರಿನ ಒಬ್ಬರಿಗೆ ಫೋನು ಬರುತ್ತದೆ. "ಮನೆ ಪಾಯ ತೆಗೆಯುವಾಗ ಚಿನ್ನದ ನಾಣ್ಯದ ಕೊಡ ಸಿಕ್ಕಿದೆ. ನಮಗೆ ಮಾರೋದು ಗೊತ್ತಿಲ್ಲ. ಅರ್ಧ ಬೆಲೆಗೆ ಕೊಡ್ತೀವಿ." ಬಂದವರ ಕೈಗೆ ಮೊದಲು ಒಂದೆರಡು ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗರ ಹತ್ತಿರ ತೋರಿಸಿದರೆ ಅದು ಅಸಲಿ ಚಿನ್ನವೇ. ನಂಬಿಕೆ ಬಂತು. ಸಾಲ ಮಾಡಿ, ಹೊಲ ಮಾರಿ ಲಕ್ಷಗಟ್ಟಲೆ ತರುತ್ತಾರೆ. ಊರ ಹೊರಗೆ ಮಸುಕಿನಲ್ಲಿ ಚೀಲ ಕೈ ಬದಲಾಗುತ್ತದೆ. ಮನೆಗೆ ಹೋಗಿ ಬಿಚ್ಚಿದರೆ ಎಲ್ಲ ಹಿತ್ತಾಳೆ!

ಮೋಸ ಹೋದವರಲ್ಲಿ ಓದಿದವರೂ ಇದ್ದಾರೆ, ವ್ಯಾಪಾರಸ್ಥರೂ ಇದ್ದಾರೆ. ಅವರು ಎಡವಿದ್ದೆಲ್ಲಿ? ಪರೀಕ್ಷೆ ಮಾಡಿಸಿದ್ದರಲ್ಲ! ಮಾಡಿಸಿದ್ದು ಮಾರುವವನೇ ಆರಿಸಿ ಕೊಟ್ಟ ನಾಣ್ಯವನ್ನು. ದಾವಣಗೆರೆಯ ಮಂಡಿಗೆ ಮೆಕ್ಕೆಜೋಳ ಹಾಕುವ ರೈತರನ್ನು ಕೇಳಿ. ವರ್ತಕ ಮೇಲಿನ ಕಾಳು ನೋಡಿ ಬೆಲೆ ಕಟ್ಟುವುದಿಲ್ಲ. ಚೀಲದ ನಡುವಿನಿಂದ, ತಳದಿಂದ, ತಾನೇ ಕಾಳು ತೆಗೆದು ನೋಡುತ್ತಾನೆ. ಮಾದರಿಯನ್ನು ಕೊಳ್ಳುವವನು ಆರಿಸಬೇಕು, ಮಾರುವವನಲ್ಲ. ಇದು ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಇನ್ನೊಂದು ಮಾತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಿಂದಲೇ ಇದೆ. ಹೀಗಾಗಿ ಅಸಲಿ ನಿಧಿಯನ್ನೇ ಗುಟ್ಟಾಗಿ ಕೊಂಡರೂ ತೊಂದರೆ ತಪ್ಪಿದ್ದಲ್ಲ.

ಈಗ ಬಲೆಯ ದಾರ ಮೊಬೈಲಿನ ಮೂಲಕವೂ ಬರುತ್ತಿದೆ. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೋ ಕರೆ ಮಾಡುತ್ತಾನೆ. "ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಹೆದರಿಸಿ ಖಾತೆ ಖಾಲಿ ಮಾಡಿಸುತ್ತಾನೆ. ಹಳೆಯ ಸಿನಿಮಾದಲ್ಲಿ ಗಡ್ಡ ಅಂಟಿಸಿಕೊಂಡು ಬಂದವನನ್ನು ಕಂಡು "ಅಯ್ಯೋ, ಇವನು ವೇಷ ಹಾಕಿದಾನೆ ಕಣ್ರೋ!" ಎಂದು ನೆಲದಲ್ಲಿ ಕೂತ ಹುಡುಗರೂ ಕೂಗುತ್ತಿದ್ದರು. ಇಂದಿನ ನಕಲಿ ಸಿ.ಐ.ಡಿ.ಯ ಮುಂದೆ ನಿವೃತ್ತ ಅಧಿಕಾರಿಗಳೂ ನಡುಗುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಇಂಥ ಕರೆ ಬಂದರೆ ಕತ್ತರಿಸಿ ಮನೆಯವರಿಗೆ ಹೇಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಮಕ್ಕಳೇ, ಈ ಸಂಖ್ಯೆಯನ್ನು ಇಂದೇ ಅಜ್ಜ-ಅಜ್ಜಿಯ ಫೋನಿನಲ್ಲಿ ಹಾಕಿಕೊಡಿ.

ಅಡುಗೆಮನೆಯ ಪತ್ತೇದಾರ

ಹಿತ್ತಾಳೆಯನ್ನು ಚಿನ್ನದಿಂದ ಬೇರೆ ಮಾಡಲು ಬಾಂಡ್‌ನ ಯಂತ್ರಗಳು ಬೇಕಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಆರ್ಕಿಮಿಡೀಸ್ ಕಂಡುಕೊಂಡ ತತ್ವ ಸಾಕು. ಒಂದು ಮಿಲಿಲೀಟರ್ ಜಾಗದಲ್ಲಿ ನೀರು 1 ಗ್ರಾಂ ತೂಗುತ್ತದೆ. ಅಷ್ಟೇ ಜಾಗದಲ್ಲಿ ಹಿತ್ತಾಳೆ ಸುಮಾರು 8.5 ಗ್ರಾಂ, ಬೆಳ್ಳಿ 10.5, ಸೀಸ 11.3, ಶುದ್ಧ ಚಿನ್ನ 19.3 ಗ್ರಾಂ ತೂಗುತ್ತದೆ. ಇದೇ ಸಾಂದ್ರತೆ. ಒಡವೆ ಮಾಡುವ 22 ಕ್ಯಾರೆಟ್ ಚಿನ್ನದಲ್ಲಿ ತಾಮ್ರ, ಬೆಳ್ಳಿ ಬೆರೆಸಿರುವುದರಿಂದ ಅದು ಸುಮಾರು 17.7.

ಅಡುಗೆಮನೆಯಲ್ಲಿ ಇರುವ ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ. ಮೊದಲು ವಸ್ತುವನ್ನು ತೂಗಿ ಬರೆದುಕೊಳ್ಳಿ. ನಂತರ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ವಸ್ತುವನ್ನು ತೆಳು ದಾರಕ್ಕೆ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಅಂಚಿಗೂ ತಾಗದಂತೆ ಕೈಯಲ್ಲಿ ಹಿಡಿದುಕೊಳ್ಳಿ. ತಕ್ಕಡಿ ಸ್ವಲ್ಪ ತೂಕ ತೋರಿಸುತ್ತದೆ. ನೀರು ವಸ್ತುವನ್ನು ಮೇಲಕ್ಕೆ ನೂಕುತ್ತದೆ. ವಸ್ತು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ನೂಕುತ್ತದೆ. ಅದೇ ಈ ತೂಕ. ಎಷ್ಟು ಗ್ರಾಂ ತೋರಿಸಿತೋ ಅಷ್ಟು ಮಿಲಿಲೀಟರ್ ಆ ವಸ್ತುವಿನ ಗಾತ್ರ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬಂತು.

100 ಗ್ರಾಂ ತೂಕದ ಗಟ್ಟಿಯೊಂದು ಇದೆ ಎನ್ನಿ. ಶುದ್ಧ ಚಿನ್ನವಾದರೆ ತಕ್ಕಡಿ ಸುಮಾರು 5.2 ಗ್ರಾಂ ತೋರಿಸುತ್ತದೆ, 22 ಕ್ಯಾರೆಟ್ಟಾದರೆ 5.6, ಹಿತ್ತಾಳೆಯಾದರೆ 11.8. ಎರಡು ಪಟ್ಟು ವ್ಯತ್ಯಾಸ! ಊರ ಹೊರಗಿನ ಮಸುಕಿನಲ್ಲಿ ಯಾವ ಬಣ್ಣ ಬಳಿದರೂ ನೀರಿಗೆ ಮೋಸ ಮಾಡಲಾಗದು.

ಆದರೆ ಪತ್ತೇದಾರನಿಗೆ ತನ್ನ ಸಾಧನದ ಮಿತಿಯೂ ತಿಳಿದಿರಬೇಕು. ಒಳಗೆ ಟೊಳ್ಳಿರುವ ಬಳೆ, ಅರಗು ತುಂಬಿದ ಗುಂಡು, ಕಲ್ಲು ಕೂರಿಸಿದ ಓಲೆಗಳಿಗೆ ಈ ಲೆಕ್ಕ ಸರಿಹೋಗದು. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ ಇದೆ, ಅದಕ್ಕೆ ಚಿನ್ನ ಲೇಪಿಸಿದರೆ ನೀರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳದು. ಆದ್ದರಿಂದ ಸಾಂದ್ರತೆ ತಪ್ಪಾಗಿ ಬಂದರೆ ಗಟ್ಟಿ ಚಿನ್ನವಲ್ಲ ಎಂದು ಹೇಳಬಹುದು. ಸರಿಯಾಗಿ ಬಂದರೆ ಚಿನ್ನವೇ ಎಂದು ಆಣೆ ಮಾಡಲಾಗದು. ಅಂಗಡಿಯಲ್ಲಿ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕಿ ಸೇರಿ ಆರು ಸ್ಥಾನಗಳ ಎಚ್‌ಯುಐಡಿ ಗುರುತು ಇರಬೇಕೆಂಬ ನಿಯಮವಿದೆ. 22 ಕ್ಯಾರೆಟ್ಟಿಗೆ 916 ಎಂಬ ಮುದ್ರೆ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಎಂದು ಅರ್ಥ.

ಈ ಸಾಂದ್ರತೆಯಿಂದ ನ್ಯಾಮತಿಯ ಚಿನ್ನದ ಲೆಕ್ಕವನ್ನೂ ಹಾಕಬಹುದು. 17.7 ಕಿಲೋ ಎಂದರೆ 17,700 ಗ್ರಾಂ. ಎಲ್ಲವೂ 22 ಕ್ಯಾರೆಟ್ ಎಂದಿಟ್ಟುಕೊಂಡು 17.7ರಿಂದ ಭಾಗಿಸಿ. 1,000 ಮಿಲಿಲೀಟರ್. ಕರಗಿಸಿದರೆ ಒಂದೇ ಒಂದು ಲೀಟರ್! ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ಹೋಗುವ ನೀರಿನ ಬಾಟಲಿಯಷ್ಟು. ಎಷ್ಟೋ ಮನೆಗಳ ಮದುವೆ, ಮುಂಗಾರು, ಆಪತ್ತಿನ ಗಂಟು ಸೇರಿ ಅಷ್ಟೇ ಜಾಗ. ಬಾವಿಯಲ್ಲಿ ಬಚ್ಚಿಡಲು ಸಾಧ್ಯವಾದದ್ದು ಅದಕ್ಕೇ.

ಪೋಷಕರಿಗೆ ಉತ್ತರ

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಒಂದೇ ಬಗೆಯ ಕತೆಯನ್ನು ಇಬ್ಬರು ನೋಡುತ್ತಾರೆ. ಒಬ್ಬ "ನಾನೂ ಹೀಗೆ ಮಾಡಬಹುದೇ?" ಎಂದು ಒಬ್ಬನೇ ಕೂತು ಯೋಚಿಸುತ್ತಾನೆ. ಇನ್ನೊಬ್ಬ "ಇದು ಹೀಗೆ ಆಗುತ್ತದೆಯೇ?" ಎಂದು ಪಕ್ಕದವರನ್ನು ಕೇಳುತ್ತಾನೆ. ವ್ಯತ್ಯಾಸ ಇರುವುದು ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬುದರಲ್ಲಿ. ಡೇರೆಯಲ್ಲಿ ರೀಲು ಬದಲಾಗುವಾಗ ನಡೆಯುತ್ತಿದ್ದ ಚರ್ಚೆಯನ್ನು ನೆನಪಿನಲ್ಲಿಡಿ ಎಂದೆನಲ್ಲ, ಅದು ಇದಕ್ಕಾಗಿ. ಅಂದು ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲ ಸೇರಿ ನೋಡುತ್ತಿದ್ದರು. ಸುಳ್ಳನ್ನು ಸುಳ್ಳು ಎಂದು ಅಲ್ಲೇ ನಗುತ್ತಿದ್ದರು. ಇಂದು ಮಗು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಒಂಟಿಯಾಗಿ ನೋಡುತ್ತದೆ. ಕೇಳಲು ಯಾರೂ ಇಲ್ಲ, ನಗಲು ಯಾರೂ ಇಲ್ಲ. ನನ್ನ ಚಿಂತೆ ಇದರ ಬಗ್ಗೆ, ಸಿನಿಮಾದ ಬಗ್ಗೆ ಅಲ್ಲ.

ಹಾಸ್ಯ ಇರುವ ಪತ್ತೇದಾರಿ ಚಿತ್ರವನ್ನು ನಾನು ಮಕ್ಕಳಿಗೆ ಶಿಫಾರಸು ಮಾಡುವುದೂ ಇದೇ ಕಾರಣಕ್ಕೆ. ದರೋಡೆಯ ಧಾರಾವಾಹಿಯಲ್ಲಿ ಕಳ್ಳನೇ ಜಾಣ, ಅವನ ಸಂಚು ತಪ್ಪುವುದೇ ಅಪರೂಪ. ಹಾಸ್ಯ ಚಿತ್ರದಲ್ಲಿ ಪತ್ತೇದಾರನೂ ಎಡವುತ್ತಾನೆ, ವೇಷ ಕಳಚುತ್ತದೆ, ಊಹೆ ತಲೆಕೆಳಗಾಗುತ್ತದೆ. ಊಹೆ ತಪ್ಪಬಹುದು, ತಪ್ಪಿದರೆ ಬಿಟ್ಟು ಬೇರೆ ಊಹಿಸಬೇಕು ಎಂಬುದು ವಿಜ್ಞಾನದ ದಾರಿಯೇ ಅಲ್ಲವೇ? ಹಳೆಯ 999 ಸಿಗದಿದ್ದರೆ 2019ರ 'ಬೆಲ್ ಬಾಟಂ' ನೋಡಿ. ಜಯತೀರ್ಥ ನಿರ್ದೇಶನದ ಈ ಚಿತ್ರದಲ್ಲಿ ರಿಷಬ್ ಶೆಟ್ಟಿ 1980ರ ದಶಕದ ಪತ್ತೇದಾರ ದಿವಾಕರನಾಗಿದ್ದಾರೆ. ಅಲ್ಲಿಯೂ ಯಂತ್ರಗಳ ಆಡಂಬರಕ್ಕಿಂತ ಕಣ್ಣು, ಕಿವಿ, ತಲೆಗೇ ಹೆಚ್ಚು ಕೆಲಸ.

ಪೋಷಕರೇ, ವಾರಕ್ಕೆ ಒಂದು ಸಿನಿಮಾವನ್ನಾದರೂ ಮಕ್ಕಳ ಜೊತೆ ಕೂತು ನೋಡಿ. ನಡುವೆ ಎರಡು ಸಲ ನಿಲ್ಲಿಸಿ. ಟೂರಿಂಗ್ ಟಾಕೀಸಿನ ಇಂಟರ್ವಲ್ ಎಂದುಕೊಳ್ಳಿ. "ಇದು ನಿಜವಾಗಿ ಆಗುತ್ತಾ? ಹೇಗೆ ಗೊತ್ತು?" ಎಂದು ಎರಡೇ ಪ್ರಶ್ನೆ ಕೇಳಿ. ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಶಾಲೆಗೆ ಕಳಿಸಿ. ನಾವು ಮೇಷ್ಟ್ರುಗಳು ಇರುವುದೇ ಅದಕ್ಕೆ.

ಈ ವಾರದ ಕೆಲಸ

ವಿದ್ಯಾರ್ಥಿಗಳೇ, ಒಂದೇ ಅಚ್ಚಿನ ಒಂದು ರೂಪಾಯಿಯ ಇಪ್ಪತ್ತು ಸ್ಟೀಲ್ ನಾಣ್ಯ ಸೇರಿಸಿ. ಹಗುರವಾದ ತೆಳು ಪ್ಲಾಸ್ಟಿಕ್ ಹಾಳೆಯ ಚೂರಿನಲ್ಲಿ ಗಾಳಿ ಉಳಿಯದಂತೆ ಜೋಡಿಸಿ ದಾರ ಕಟ್ಟಿ, ಮೇಲೆ ಹೇಳಿದ ರೀತಿಯಲ್ಲಿ ಸಾಂದ್ರತೆ ಕಂಡುಹಿಡಿಯಿರಿ. ಉತ್ತರ ಏಳೂವರೆಯಿಂದ ಎಂಟರ ಆಸುಪಾಸು ಬಂದರೆ ನಿಮ್ಮ ಕೈ ಸರಿಯಿದೆ. ತೀರಾ ಕಡಿಮೆ ಬಂದರೆ ನಾಣ್ಯಗಳ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರಬೇಕು, ನೀರಿನೊಳಗೆ ಅಲುಗಿಸಿ ಗುಳ್ಳೆ ಬಿಡಿಸಿ ಮತ್ತೆ ಮಾಡಿ. ಮೂರು ಸಲ ಮಾಡಿ ಮೂರೂ ಅಂಕಿ ಬರೆದುಕೊಳ್ಳಿ. ಬೇರೆ ಬೇರೆ ಬಂದರೆ ಅಳಿಸಬೇಡಿ, ಏಕೆ ಬಂತು ಎಂದು ಪಕ್ಕದಲ್ಲಿ ಬರೆಯಿರಿ. ಅಮ್ಮನ ಸರವನ್ನು ಮಾತ್ರ ಅಮ್ಮನನ್ನು ಕೇಳದೆ ನೀರಿಗಿಳಿಸಬೇಡಿ!